ಓದುಗರ ಪ್ರಶ್ನೆ, ನಮ್ಮ ಉತ್ತರ: ಮೂರು ತಾಸಿನ ಕಾರ್ಟ್ ರೇಸಿಗೆ ತಯಾರಿ

ಗೋ-ಕಾರ್ಟ್ (ನೆಲಕ್ಕೆ ತಗ್ಗಾಗಿರುವ ಪುಟ್ಟ ನಾಲ್ಕು ಗಾಲಿಯ ಓಟದ ಗಾಡಿ) ಎಂದರೆ ಹತ್ತು ನಿಮಿಷದ ಮೋಜು ಎಂದುಕೊಂಡಿದ್ದ ನಮ್ಮ ಕಡೆಯ ಹುಡುಗ-ಹುಡುಗಿಯರು ಈಗ ತಂಡ ಕಟ್ಟಿಕೊಂಡು ಎಂಡ್ಯೂರೆನ್ಸ್ ರೇಸಿಗೆ ಇಳಿಯುತ್ತಿದ್ದಾರೆ. ಟ್ರ್ಯಾಕಿನವರೇ ಕೊಡುವ ಬಾಡಿಗೆ ಕಾರ್ಟು, ತಂಡಕ್ಕೆ ಇಬ್ಬರಿಂದ ಆರು ಚಾಲಕರು, ಒಂದು ತಾಸಿನಿಂದ ಹಿಡಿದು ಇಪ್ಪತ್ನಾಲ್ಕು ತಾಸಿನವರೆಗೆ ಓಟ. ಹೊತ್ತು ಮುಗಿದಾಗ ಹೆಚ್ಚು ಸುತ್ತು ಹಾಕಿದ ತಂಡಕ್ಕೆ ಗೆಲುವು. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಈ ಬಗ್ಗೆ ಬಂದ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಾವು ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುವ ಮೂವರು ಗೆಳೆಯರು. ಹೈದರಾಬಾದಿನಲ್ಲಿ 3 ತಾಸಿನ ರೇಸಿಗೆ ಹೆಸರು ಕೊಟ್ಟಿದ್ದೇವೆ. ನಮ್ಮಲ್ಲಿ ಒಬ್ಬ ಭಾಳ ಸ್ಪೀಡ್ ಇದ್ದಾನೆ. ಅವನಿಗೇ ಹೆಚ್ಚು ಹೊತ್ತು ಕೊಟ್ಟರೆ ಗೆಲ್ಲಬಹುದೇ?
— ಆರ್.ಕೆ., ಕೌಲ್ ಬಜಾರ್, ಬಳ್ಳಾರಿ

ಉತ್ತರ: ಮೊದಲು ನಿಯಮಾವಳಿ ತೆಗೆದು ಓದಿ. ಒಬ್ಬರು ಒಂದೇ ಸಮನೆ ಎಷ್ಟು ನಿಮಿಷ ಓಡಿಸಬಹುದು, ಒಟ್ಟು ಎಷ್ಟು ಹೊತ್ತು ಓಡಿಸಬಹುದು ಎಂಬುದಕ್ಕೆ ಬಹುಪಾಲು ರೇಸುಗಳಲ್ಲಿ ಮಿತಿ ಇರುತ್ತದೆ. ಚಾಲಕರನ್ನು ಬದಲಿಸಲು ಟ್ರ್ಯಾಕ್ ಪಕ್ಕದ ಪಿಟ್ ಎಂಬ ಜಾಗಕ್ಕೆ ಎಷ್ಟು ಸಲ ಬರಲೇಬೇಕು (ಇದೇ ಕಡ್ಡಾಯ ಪಿಟ್), ಪಿಟ್ ಒಳಗೆ ಕನಿಷ್ಠ ಎಷ್ಟು ಸೆಕೆಂಡ್ ಇರಬೇಕು, ಆ ಎಣಿಕೆ ಯಾವ ಗೆರೆಯಿಂದ ಯಾವ ಗೆರೆವರೆಗೆ, ಪಿಟ್ ಯಾವ ಹೊತ್ತಿನಲ್ಲಿ ಮುಚ್ಚಿರುತ್ತದೆ, ಪ್ರತಿ ಪಿಟ್‌ಗೂ ಕಾರ್ಟ್ ಬದಲಾಗುತ್ತದೆಯೇ, ಚಾಲಕರ ಕನಿಷ್ಠ ತೂಕ ಎಷ್ಟು, ಕಾರ್ಟ್ ಕೆಟ್ಟು ನಿಂತರೆ ಕಳೆದ ಹೊತ್ತು ಲೆಕ್ಕಕ್ಕೆ ಬರುತ್ತದೆಯೇ ಎಂಬಿಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬರೆದಿಲ್ಲದ್ದನ್ನು ರೇಸಿಗೆ ಮುಂಚಿನ ಬ್ರೀಫಿಂಗ್‌ನಲ್ಲಿ ಎದ್ದು ನಿಂತು ಕೇಳಿ.

ಈಗ ಲೆಕ್ಕ ನೋಡಿ. ಒಂದು ಸುತ್ತಿಗೆ 55 ಸೆಕೆಂಡ್, ಕಡ್ಡಾಯ ಪಿಟ್ 5, ಪ್ರತಿ ಪಿಟ್‌ಗೆ 90 ಸೆಕೆಂಡ್ ಎಂದಿಟ್ಟುಕೊಳ್ಳಿ. 3 ತಾಸಿನ 10,800 ಸೆಕೆಂಡ್‌ನಲ್ಲಿ ಪಿಟ್‌ಗೆ 450 ಹೋದರೆ ಉಳಿದದ್ದರಲ್ಲಿ ಸುಮಾರು 188 ಸುತ್ತು. ನಿಮ್ಮ ವೇಗದ ಗೆಳೆಯ ಸುತ್ತಿಗೆ 0.4 ಸೆಕೆಂಡ್ ಮುಂದಿದ್ದಾನೆ ಅನ್ನೋಣ. ಅವನಿಗೆ 20 ನಿಮಿಷ ಹೆಚ್ಚಿಗೆ ಕೊಟ್ಟರೆ ಸಿಗುವುದು 22 ಸುತ್ತು, ಅಂದರೆ 9 ಸೆಕೆಂಡ್ ಲಾಭ. ಒಂದು ಸಲ ಗಿರಕಿ ಹೊಡೆದು ಮತ್ತೆ ದಾರಿಗೆ ಬರಲು 10ರಿಂದ 15 ಸೆಕೆಂಡ್ ಹೋಗುತ್ತದೆ. ಐದು ಪಿಟ್‌ನಲ್ಲಿ ಒಂದೊಂದಕ್ಕೆ 5 ಸೆಕೆಂಡ್ ತಡವಾದರೆ 25 ಸೆಕೆಂಡ್ ಹೋಯಿತು. ಹೀಗಾಗಿ ಯಾರು ವೇಗ ಎಂಬ ಚರ್ಚೆಗಿಂತ ಪಿಟ್ ಅಭ್ಯಾಸಕ್ಕೆ ಹೊತ್ತು ಕೊಟ್ಟ ತಂಡಕ್ಕೇ ಲಾಭ ಜಾಸ್ತಿ. ಬಾಡಿಗೆ ಕಾರ್ಟಿನಲ್ಲಿ ಎಂಜಿನ್ ನಿಮ್ಮದಲ್ಲ, ಟೈರ್ ನಿಮ್ಮದಲ್ಲ. ಪೂರ್ತಿ ನಿಮ್ಮ ಕೈಯಲ್ಲಿರುವುದು ಪಿಟ್ ಒಂದೇ.

ಮೂವರಿಗೆ 30 ನಿಮಿಷದ ಎರಡೆರಡು ಸರದಿ ಹಂಚುವುದು ಸರಳ ಯೋಜನೆ. ಆದರೆ 30ನೇ ನಿಮಿಷಕ್ಕೆ ಸರಿಯಾಗಿ ಒಳಗೆ ಬರಬೇಡಿ. ಎಲ್ಲರ ತಲೆಯಲ್ಲೂ ಅದೇ ಲೆಕ್ಕ ಇರುವುದರಿಂದ ಪಿಟ್ ಬಾಯಲ್ಲಿ ಸಾಲು ಹಿಡಿಯುತ್ತದೆ. ನಾಲ್ಕೈದು ಸುತ್ತು ಮುಂಚೆ ಬನ್ನಿ, ಇಲ್ಲವೇ ನಾಲ್ಕೈದು ಸುತ್ತು ಬಿಟ್ಟು ಬನ್ನಿ. ಹಳದಿ ಬಾವುಟ ಹಿಡಿದು ಇಡೀ ಟ್ರ್ಯಾಕನ್ನು ನಿಧಾನಗೊಳಿಸಿದಾಗ ಪಿಟ್ ತೆರೆದಿದ್ದರೆ ತಕ್ಷಣ ಒಳಗೆ ಬನ್ನಿ. ಹೊರಗಿನವರು ಆಗ ಮೆಲ್ಲಗೆ ಸುತ್ತುತ್ತಿರುತ್ತಾರೆ, ನಿಮ್ಮ ನಷ್ಟ ಕಡಿಮೆ. ಕೊನೆಯ 20 ನಿಮಿಷಕ್ಕೆ ಎರಡು ಪಿಟ್ ಬಾಕಿ ಉಳಿಸಿಕೊಳ್ಳಲೇಬೇಡಿ. ಆಗ ಓಟ ನಿಲ್ಲಿಸುವ ಕೆಂಪು ಬಾವುಟ ಬಂದರೆ ಅಥವಾ ಪಿಟ್ ಮುಚ್ಚಿದರೆ ಕಡ್ಡಾಯ ಪಿಟ್ ತಪ್ಪಿ ಸುತ್ತುಗಳನ್ನೇ ಕಳೆಯುತ್ತಾರೆ.

ಪಿಟ್ ಕ್ರಮವನ್ನೂ ಹೇಳಿಬಿಡುತ್ತೇವೆ. ಓಡಿಸುವವರು ಒಳಗೆ ಬರುವ ತಿರುವಿಗೆ ಮುಂಚೆಯೇ ಕೈ ಎತ್ತಬೇಕು, ಹಿಂದಿನವರಿಗೆ ಗೊತ್ತಾಗಲಿ. ಪಿಟ್ ಗೆರೆ ದಾಟಿದ ಕ್ಷಣ ತಂಡದ ಒಬ್ಬರು ಸ್ಟಾಪ್‌ವಾಚ್ ಒತ್ತಬೇಕು. ಕಾರ್ಟ್ ಪೂರ್ತಿ ನಿಂತ ಮೇಲೆ ಎಂಜಿನ್ ಇಲ್ಲದ ಕಡೆಯಿಂದ ಇಳಿಯಿರಿ. ಸೈಲೆನ್ಸರ್ ತಗುಲಿ ಮೀನಖಂಡ ಸುಡುವುದು ಪಿಟ್‌ನಲ್ಲಿ ಮೇಲಿಂದ ಮೇಲೆ ಆಗುವ ಗಾಯ. ಸ್ಟೀರಿಂಗ್ ಮೇಲೆ ಭಾರ ಹಾಕಿ ಏಳಬೇಡಿ, ಸೀಟಿನ ಅಂಚು ಹಿಡಿದು ಏಳಿ. ಮೊದಲು ತೂಕದ ತುಂಡು (ಹಗುರ ಚಾಲಕರು ಕನಿಷ್ಠ ತೂಕ ಮುಟ್ಟಲು ಕಾರ್ಟಿನಲ್ಲಿ ಇಡುವ ಭಾರ), ಆಮೇಲೆ ಸೀಟಿನ ಮೆತ್ತೆ, ಆಮೇಲೆ ಹೊಸ ಚಾಲಕ, ಕೊನೆಗೆ ಪೆಡಲ್ ಅಥವಾ ಸೀಟಿನ ಹೊಂದಾಣಿಕೆ. ಬೆಲ್ಟ್ ಇರುವ ಕಾರ್ಟಾದರೆ ಎಳೆದು ನೋಡಿ. ಇಷ್ಟಕ್ಕೆ 35-40 ಸೆಕೆಂಡ್ ಸಾಕು. ಉಳಿದ ಹೊತ್ತು ಕಾಯುವುದು. ವಾಚ್ ಹಿಡಿದವರು ಕೊನೆಯ ಹತ್ತು ಸೆಕೆಂಡನ್ನು ಗಟ್ಟಿಯಾಗಿ ಎಣಿಸಲಿ, ಹೊರಗಿನ ಗೆರೆಯನ್ನು 91ರಿಂದ 92ರೊಳಗೆ ದಾಟುವ ಹಾಗೆ ಬಿಡಲಿ. 89ಕ್ಕೆ ದಾಟಿ ದಂಡ ತೆರುವುದಕ್ಕಿಂತ ಆ ಎರಡು ಸೆಕೆಂಡ್ ಬಿಟ್ಟುಕೊಡುವುದು ಅಗ್ಗ. ನಿಂತ ಜಾಗದಿಂದ ಗೆರೆವರೆಗೆ ಹೋಗಲು ಎಷ್ಟು ಸೆಕೆಂಡ್ ಬೇಕು ಎಂಬುದನ್ನು ಪ್ರಾಕ್ಟೀಸ್ ಹೊತ್ತಿನಲ್ಲೇ ಅಳೆದಿಟ್ಟುಕೊಳ್ಳಿ.

ಪ್ರಶ್ನೆ: ಕನಿಷ್ಠ ತೂಕ 80 ಕೆ.ಜಿ. ಎಂದಿದ್ದಾರೆ. ನಾನು 58, ನಮ್ಮ ಮಾವನ ಮಗ 91. ನಾನು ಮರಳಿನ ಚೀಲ ಇಟ್ಟುಕೊಳ್ಳಬಹುದೇ? ಅವರಿಗೆ ಏನು ದಾರಿ?
— ಎಸ್.ಎಂ., ಸಿಂಧನೂರು

ಉತ್ತರ: ಚೀಲ ಬೇಡ. ಕಟ್ಟದೆ ಇಟ್ಟ ಯಾವ ಭಾರವೂ ಡಿಕ್ಕಿಯಲ್ಲಿ ಹಾರುತ್ತದೆ, ಇಲ್ಲವೇ ಪೆಡಲ್ ಕೆಳಗೆ ಜಾರಿ ಬ್ರೇಕ್ ಒತ್ತಲು ಬಿಡುವುದಿಲ್ಲ. ಅನೇಕ ಕಡೆ ಟ್ರ್ಯಾಕಿನವರೇ ತೂಕದ ತುಂಡು ಕೊಡುತ್ತಾರೆ. ಸೀಟಿನ ಪಕ್ಕ ಅವನ್ನು ಇಳಿಸುವ ಪೆಟ್ಟಿಗೆ ಇರುತ್ತದೆ. ನಿಮ್ಮದೇ ತುಂಡು ತರಬಹುದು ಎಂದು ಒಪ್ಪಿದರೆ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ 20 ಮಿ.ಮೀ. ದಪ್ಪದ ಕಬ್ಬಿಣದ ಪ್ಲೇಟನ್ನು 20 ಸೆಂ.ಮೀ. ಉದ್ದ, 16 ಸೆಂ.ಮೀ. ಅಗಲಕ್ಕೆ ಕತ್ತರಿಸಿ. ಸರಿಯಾಗಿ 5 ಕೆ.ಜಿ. ಬರುತ್ತದೆ. ಮೂಲೆಗಳನ್ನು ಗ್ರೈಂಡ್ ಮಾಡಿಸಿ ಗುಂಡಗೆ ಮಾಡಿಸಿ. ಸೀಸವಾದರೆ ಅದೇ 5 ಕೆ.ಜಿ. ಇನ್ನೂ ಚಿಕ್ಕದಾಗುತ್ತದೆ, ಆದರೆ ಹಳೆ ಬ್ಯಾಟರಿಯ ಸೀಸವನ್ನು ಮನೆಯಲ್ಲಿ ಕರಗಿಸಲು ಹೋಗಬೇಡಿ, ಅದರ ಹೊಗೆ ವಿಷ. ಸೀಟಿಗೆ ಬಿಗಿಯುವುದಾದರೆ 8 ಮಿ.ಮೀ. ಬೋಲ್ಟು, ಅಗಲ ವಾಷರು, ಅದುರಿದರೂ ಸಡಿಲವಾಗದ ನೈಲಾನ್ ನಟ್ಟು ಬೇಕು. ಬಾಡಿಗೆ ಸೀಟಿಗೆ ತೂತು ಕೊರೆಯುವ ಮುಂಚೆ ಟ್ರ್ಯಾಕಿನವರ ಒಪ್ಪಿಗೆ ಪಡೆಯಿರಿ.

ತೂಕ ನೋಡುವಾಗ ಹೆಲ್ಮೆಟ್, ಬೂಟು, ಓವರಾಲ್ (ಮೈಯೆಲ್ಲ ಮುಚ್ಚುವ ಒಂದೇ ತುಂಡಿನ ಉಡುಪು) ಎಲ್ಲ ಹಾಕಿಕೊಂಡೇ ಕಾಟಾ ಹತ್ತಿ. ಬಟ್ಟೆಬರೆಯಿಂದ ಸುಮಾರು 3 ಕೆ.ಜಿ. ಸೇರಿ ನೀವು 61 ಆಗುತ್ತೀರಿ. ನಾಲ್ಕು ತುಂಡು ಇಟ್ಟರೆ 81. ಇಲ್ಲಿ ಬಹಳ ಜನ ಎಡವುತ್ತಾರೆ. ಸರದಿ ಮುಗಿಸಿ ಇಳಿದ ಮೇಲೆ ಮತ್ತೆ ತೂಗುತ್ತಾರೆ, ಅಷ್ಟರಲ್ಲಿ ಬೆವರಿ ಅರ್ಧದಿಂದ ಒಂದು ಕೆ.ಜಿ. ಇಳಿದಿರುತ್ತದೆ. ಬೇಸಿಗೆಯಲ್ಲಿ ಒಂದೂವರೆ ಕೆ.ಜಿ. ಹೆಚ್ಚಿಗೇ ಇಟ್ಟುಕೊಳ್ಳಿ. 100 ಗ್ರಾಂ ಕಮ್ಮಿಯಾದರೂ ದಂಡ ದಂಡವೇ.

ನಿಮ್ಮ ಮಾವನ ಮಗನ ವಿಷಯ. ಕಾರ್ಟ್ 160 ಕೆ.ಜಿ. ಇದ್ದರೆ 80ರ ಚಾಲಕನೊಂದಿಗೆ 240, ಬಟ್ಟೆ ಸೇರಿ 94 ಇರುವ ಅವರೊಂದಿಗೆ 254. ಭಾರ 6%ರಷ್ಟು ಹೆಚ್ಚು, ತಿರುವಿನಿಂದ ಎದ್ದು ಓಡುವ ವೇಗ ಅಷ್ಟೇ ಕಡಿಮೆ. ನಿಯಮ ಒಪ್ಪಿದರೆ ಅವರಿಗೆ ಚಿಕ್ಕ ಸರದಿ ಕೊಡಿ. ಮಳೆ ಬಿದ್ದಾಗ ಮಾತ್ರ ಅವರನ್ನೇ ಕೂರಿಸಿ. ಒದ್ದೆ ನೆಲದಲ್ಲಿ ಎಂಜಿನ್ ಶಕ್ತಿಯನ್ನು ಪೂರ್ತಿ ಬಳಸಲು ಯಾರಿಗೂ ಆಗುವುದಿಲ್ಲ, ಭಾರದ ನಷ್ಟ ಅಲ್ಲಿ ಅಷ್ಟಾಗಿ ಕಾಣುವುದಿಲ್ಲ.

ಪ್ರಶ್ನೆ: ಗೆಳೆಯ ನನಗಿಂತ ಸುತ್ತಿಗೆ ಒಂದು ಸೆಕೆಂಡ್ ಮುಂದೆ. ನಾನು ತಿರುವಿನ ತುದಿವರೆಗೂ ಆಕ್ಸಿಲರೇಟರ್ ಬಿಡುವುದಿಲ್ಲ, ಆದರೂ ಹಿಂದೆ. ಬ್ರೇಕ್ ಹಾಕಿದರೆ ಕಾರ್ಟ್ ತಿರುಗಿಯೇ ಬಿಡುತ್ತದೆ. ತಪ್ಪು ಎಲ್ಲಿದೆ?
— ವಿ.ಪಿ., ಕೊಪ್ಪಳ

ಉತ್ತರ: ತಪ್ಪಿನ ಮೂಲ ನಿಮ್ಮ ಪ್ರಶ್ನೆಯಲ್ಲೇ ಇದೆ. ತುದಿವರೆಗೆ ಬಿಡದಿರುವುದರಿಂದಲೇ ತಡವಾಗಿ, ಸ್ಟೀರಿಂಗ್ ತಿರುಗಿಸಿಕೊಂಡೇ ಬ್ರೇಕ್ ಒತ್ತುತ್ತಿದ್ದೀರಿ. ಬಾಡಿಗೆ ಕಾರ್ಟಿನಲ್ಲಿ ಸಾಮಾನ್ಯವಾಗಿ ಬ್ರೇಕ್ ಇರುವುದು ಹಿಂದಿನ ಆಕ್ಸಲ್‌ಗೆ ಮಾತ್ರ, ಅದೂ ಒಂದೇ ಡಿಸ್ಕು. ತಿರುಗುತ್ತಿರುವಾಗ ಹಿಂದಿನ ಗಾಲಿ ಕಚ್ಚಿಕೊಂಡರೆ ಹಿಂಭಾಗ ಮುಂದಕ್ಕೆ ಬರಲೇಬೇಕು. ನೇರ ಇದ್ದಾಗಲೇ ಎಡಗಾಲಿನಿಂದ ಗಟ್ಟಿಯಾಗಿ, ಗಾಲಿ ಕಚ್ಚುವ ಸ್ವಲ್ಪ ಮುಂಚಿನವರೆಗೆ ಒತ್ತಿ. ತಿರುಗಿಸುವ ಹೊತ್ತಿಗೆ ಬಿಟ್ಟುಬಿಡಿ. ಎರಡೂ ಪೆಡಲ್ ಒಟ್ಟಿಗೆ ಒತ್ತಬೇಡಿ, ಕ್ಲಚ್ ಕಾದು ಜಾರಲು ಶುರುವಾಗುತ್ತದೆ. ಎಡಗಾಲನ್ನು ಬ್ರೇಕ್ ಮೇಲೆ ಸುಮ್ಮನೆ ಊರಿಕೊಂಡು ಕೂರುವ ಅಭ್ಯಾಸ ಇದ್ದರೆ ಅದನ್ನೂ ಬಿಡಬೇಕು. ಸ್ಟ್ರೇಟ್‌ನಲ್ಲಿ (ತಿರುವಿಲ್ಲದ ನೇರ ದಾರಿಯಲ್ಲಿ) ವೇಗ ಹೋಗುವುದಷ್ಟೇ ಅಲ್ಲ, ಡಿಸ್ಕ್ ಕಾದು ಅರ್ಧ ತಾಸಿನಲ್ಲಿ ಪೆಡಲ್ ಆಳಕ್ಕೆ ಇಳಿಯುತ್ತದೆ.

ಎರಡನೆಯ ವಿಷಯ ಆಕ್ಸಲ್. ಎರಡು ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಕಾರಿನಲ್ಲಿರುವ ಡಿಫರೆನ್ಷಿಯಲ್ ಇಲ್ಲಿಲ್ಲ. ಹಿಂದಿನ ಎರಡೂ ಗಾಲಿ ಒಂದೇ ಸರಳಿಗೆ ಬಿಗಿದಿವೆ, ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಒಳಗಾಲಿ ಕಡಿಮೆ ದೂರ, ಹೊರಗಾಲಿ ಹೆಚ್ಚು ದೂರ ಹೋಗಬೇಕು. ಹಾಗಾಗಿ ಒಳಗಾಲಿ ನೆಲ ಬಿಡದೆ, ಕನಿಷ್ಠ ಹಗುರಾಗದೆ ಕಾರ್ಟ್ ತಿರುಗುವುದಿಲ್ಲ. ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಗಾಲಿಗಳ ಓರೆ ಈ ಕೆಲಸ ಮಾಡಿಕೊಡುತ್ತದೆ. ಅದಕ್ಕೇ ತಿರುಗಿಸುವುದು ಒಂದೇ ಸಲ, ಖಚಿತವಾಗಿ ಇರಬೇಕು. ಹೆದರಿ ಹೆದರಿ ಸ್ವಲ್ಪ ಸ್ವಲ್ಪ ತಿರುಗಿಸಿದರೆ ಒಳಗಾಲಿ ಏಳದೆ ಕಾರ್ಟ್ ಹೊರಕ್ಕೆ ತಳ್ಳುತ್ತದೆ, ಆಗ ನೀವು ಇನ್ನಷ್ಟು ತಿರುಗಿಸುತ್ತೀರಿ, ಮುಂದಿನ ಟೈರ್ ಕಿರುಚುತ್ತದೆ. ಟೈರ್ ಒಂದೇ ಸಮನೆ ಕಿರುಚುತ್ತಿದೆ ಎಂದರೆ ಅಲ್ಲಿ ವೇಗ ಸೋರುತ್ತಿದೆ. ತಿರುವಿನ ಒಳಂಚು ಮುಟ್ಟಿದ ಕೂಡಲೇ ಸ್ಟೀರಿಂಗ್ ಸಡಿಲ ಬಿಡಿ, ಟ್ರ್ಯಾಕಿನ ಹೊರ ಅಂಚಿನವರೆಗೂ ಹರಿಯಲು ಬಿಡಿ, ಆಕ್ಸಿಲರೇಟರ್ ಪೂರ್ತಿ ಒತ್ತಿ.

ಇಷ್ಟು ಒತ್ತಿ ಹೇಳಲು ಕಾರಣ ಎಂಜಿನ್ನಿನ ಶಕ್ತಿ. 196 ಸಿ.ಸಿ. ಹೋಂಡಾ ಜಿಎಕ್ಸ್ 200 ಅಂದರೆ ಆರೂವರೆ ಎಚ್.ಪಿ.; 270 ಸಿ.ಸಿ.ಯ ಜಿಎಕ್ಸ್ 270 ಅಂದರೆ 9. ಕಳೆದುಕೊಂಡ ವೇಗವನ್ನು ಇಷ್ಟು ಶಕ್ತಿಯಲ್ಲಿ ಬೇಗ ಹಿಂದಕ್ಕೆ ತರಲಾಗದು. 120 ಮೀಟರಿನ ಸ್ಟ್ರೇಟನ್ನು ಸರಾಸರಿ 55 ಕಿ.ಮೀ. ವೇಗದಲ್ಲಿ ದಾಟಲು 7.85 ಸೆಕೆಂಡ್, 58ರಲ್ಲಿ 7.45. ತಿರುವಿನಿಂದ ಹೊರಬೀಳುವಾಗ ಸ್ವಲ್ಪ ವೇಗ ಉಳಿಸಿಕೊಂಡದ್ದಕ್ಕೆ ಒಂದೇ ಸ್ಟ್ರೇಟ್‌ನಲ್ಲಿ 0.4 ಸೆಕೆಂಡ್ ಸಿಕ್ಕಿತು. ನಿಮ್ಮ ಗೆಳೆಯನ ಒಂದು ಸೆಕೆಂಡ್ ಇಂಥ ಎರಡು ಮೂರು ಕಡೆ ಅಡಗಿರುತ್ತದೆ. ಎಡ-ಬಲ ತಿರುವು ಬೆನ್ನಿಗೆ ಬೆನ್ನು ಬಂದಾಗ ಮೊದಲನೆಯದನ್ನು ನಿಧಾನ ದಾಟಿ, ಸ್ಟ್ರೇಟ್‌ಗೆ ಬಿಡುವ ಕೊನೆಯದನ್ನು ಸರಿಯಾಗಿ ಹಿಡಿಯಿರಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ರೇಸ್ ಇದೆ. ರಾಯಚೂರಿನ ಬಿಸಿಲು ನಮಗೇನು ಹೊಸದಲ್ಲ. ಆದರೂ ಓವರಾಲ್, ಹೆಲ್ಮೆಟ್ ಹಾಕಿ ಅರ್ಧ ತಾಸು ತಡೆಯುತ್ತದೆಯೇ?
— ಜಿ.ಎನ್., ರಾಯಚೂರು

ಉತ್ತರ: ಬಿಸಿಲಿಗೆ ಹೊಂದಿಕೊಂಡ ಮೈ ಇದೆ ಎಂಬ ನಂಬಿಕೆಯಿಂದಲೇ ನಮ್ಮ ಭಾಗದವರು ನೀರು ಕುಡಿಯುವುದನ್ನು ಮರೆಯುತ್ತಾರೆ. ಹೊಲದಲ್ಲಿ ಗಾಳಿ ಆಡುತ್ತದೆ, ನೆರಳಿಗೆ ಹೋಗಬಹುದು. ಇಲ್ಲಿ ಮೈ ಮುಚ್ಚಿದೆ, ಪಕ್ಕದಲ್ಲಿ ಎಂಜಿನ್ ಕಾಯುತ್ತಿದೆ, ಕೆಳಗೆ ಡಾಂಬರು ಸುಡುತ್ತಿದೆ.

ರೇಸಿಗೆ ಎರಡು ತಾಸು ಮುಂಚೆಯೇ ಅರ್ಧ ಲೀಟರ್ ಕುಡಿದಿರಿ. ಸರದಿ ಇಲ್ಲದಾಗ 15-20 ನಿಮಿಷಕ್ಕೊಮ್ಮೆ ಒಂದು ಲೋಟ. ಬರೀ ನೀರೇ ಕುಡಿಯುತ್ತಾ ಹೋದರೆ ಉಪ್ಪು ಕಮ್ಮಿಯಾಗಿ ಕೈಕಾಲು ಹಿಡಿದುಕೊಳ್ಳುತ್ತವೆ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ ಕಲಸಿ. ಪೊಟ್ಟಣ ಇಲ್ಲದಿದ್ದರೆ 1 ಲೀಟರ್ ಶುದ್ಧ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹಾಕಿದ ನೀರು ಮಜ್ಜಿಗೆಯೂ ಒಳ್ಳೆಯದೇ. ಬಿ.ಪಿ., ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಡಾಕ್ಟರರನ್ನು ಕೇಳಿಯೇ ಇದನ್ನು ಮಾಡಬೇಕು. ಊಟ ರೇಸಿಗೆ ಎರಡೂವರೆ ತಾಸು ಮುಂಚೆ ಮುಗಿಯಲಿ: ಮೊಸರನ್ನ, ಬಾಳೆಹಣ್ಣು, ಮಂಡಕ್ಕಿ ಸಾಕು. ಮಿರ್ಚಿ ಬಜ್ಜಿ ಸಂಜೆಗೆ ಇರಲಿ. ಸೀಟಿನ ಒದೆತಕ್ಕೆ ಎಣ್ಣೆ ತಿಂಡಿ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಒಳಗೆ ತೆಳು ಹತ್ತಿ ಬನಿಯನ್ ಹಾಕಿ. ಇಳಿದ ಕೂಡಲೇ ಹೆಲ್ಮೆಟ್ ತೆಗೆದು ಕತ್ತಿಗೆ, ಕಂಕುಳಿಗೆ ಒದ್ದೆ ಟವೆಲ್ ಇಡಿ.

ಬಿಸಿಲಿನಲ್ಲಿ ಸರದಿ 20-25 ನಿಮಿಷಕ್ಕೆ ಇಳಿಸಬಹುದಾದರೆ ಇಳಿಸಿ. ದಣಿದವರ ಲ್ಯಾಪ್ ಹೊತ್ತು (ಒಂದು ಸುತ್ತಿಗೆ ಹಿಡಿಯುವ ಹೊತ್ತು) ಅರ್ಧ ಸೆಕೆಂಡ್ ಹಿಂದೆ-ಮುಂದೆ ಆಗತೊಡಗಿದರೆ ಅದೇ ಸೂಚನೆ, ಒಳಗೆ ಕರೆಯಿರಿ. ತಲೆನೋವು, ವಾಂತಿ, ಮಾತು ತೊದಲುವುದು, ಗೊಂದಲ ಕಂಡರೆ ರೇಸ್ ಅಲ್ಲಿಗೆ ನಿಲ್ಲಿಸಿ. ನೆರಳಿಗೆ ಒಯ್ದು ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಕರೆ ಮಾಡಿ. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬೇಡಿ.

ಪ್ರಶ್ನೆ: ನಾನು ಸಿಂಧನೂರಿನಲ್ಲಿ ಪಂಪ್‌ಸೆಟ್, ಜನರೇಟರ್ ರಿಪೇರಿ ಮಾಡುತ್ತೇನೆ. ಕಾರ್ಟಿನ ಎಂಜಿನ್ ನನಗೆ ಗೊತ್ತಿರುವುದೇ. ಎಂಜಿನ್ ವೇಗಕ್ಕೆ ಮಿತಿ ಹಾಕುವ ಗವರ್ನರ್ ಸ್ವಲ್ಪ ಬಿಟ್ಟರೆ, ಪ್ಲಗ್ ಬದಲಿಸಿದರೆ ಉಪಯೋಗ ಆಗುತ್ತದಲ್ಲ?
— ಎಚ್.ಬಿ., ಸಿಂಧನೂರು

ಉತ್ತರ: ಮುಟ್ಟಲೇಬಾರದು. ಬಾಡಿಗೆ ಕಾರ್ಟನ್ನು ತಂಡದವರು ಬಿಚ್ಚಿದರೆ ರೇಸಿನಿಂದ ಹೊರಗೆ ಹಾಕುತ್ತಾರೆ, ಅದು ಸರಿಯೂ ಹೌದು. ಎಂಜಿನ್ ಒಂದೇ ಕುಟುಂಬದ್ದು ಎಂಬುದು ನಿಜ: ಜಿಎಕ್ಸ್ 200ಕ್ಕೆ 0.6 ಲೀಟರ್ ಆಯಿಲ್, ಪ್ಲಗ್ ಗ್ಯಾಪ್ 0.7ರಿಂದ 0.8 ಮಿ.ಮೀ., ಎಲ್ಲ ನಿಮಗೆ ಬಾಯಿಪಾಠ ಇರಬಹುದು. ಆ ಅನುಭವ ಕಿವಿಗೆ ಉಪಯೋಗಕ್ಕೆ ಬರಲಿ. ಎಂಜಿನ್ ಜೋರಾಗಿ ಏರುತ್ತಿದೆ, ಕಾರ್ಟ್ ಮಾತ್ರ ಏಳುತ್ತಿಲ್ಲ ಎಂದರೆ ಎಂಜಿನ್ ವೇಗ ಏರಿದಾಗ ತಾನೇ ಹಿಡಿಯುವ ಸೆಂಟ್ರಿಫ್ಯೂಗಲ್ ಕ್ಲಚ್ ಜಾರುತ್ತಿದೆ. ಎಂಜಿನ್ ಸದ್ದೇ ಮೇಲೇರದಿದ್ದರೆ ಮೊದಲು ನಿಮ್ಮ ಬೂಟು ನೋಡಿಕೊಳ್ಳಿ, ಪೆಡಲ್ ತಳ ಮುಟ್ಟುತ್ತಿದೆಯೇ ಎಂದು. ಮುಟ್ಟುತ್ತಿದ್ದರೆ ಕೇಬಲ್ ಸಡಿಲ, ಇಲ್ಲವೇ ಏರ್ ಫಿಲ್ಟರಿನಲ್ಲಿ ದೂಳು. ಸದ್ದು ಸರಿ ಇದ್ದು ಸ್ಟ್ರೇಟ್‌ನಲ್ಲಿ ಎಳೆದು ಹಿಡಿದಂತಾದರೆ ಬ್ರೇಕ್ ಪ್ಯಾಡ್ ಬಿಡುತ್ತಿಲ್ಲ. ಗಾಲಿ ಡಬಡಬ ಅಂದರೆ ಟೈರ್ ಒಂದು ಕಡೆ ಸವೆದು ಚಪ್ಪಟೆಯಾಗಿದೆ. ಮೆಕ್ಯಾನಿಕ್‌ಗೆ ಇಷ್ಟು ಬಿಡಿಸಿ ಹೇಳಿದರೆ ಕೆಲಸ ಎರಡು ನಿಮಿಷದಲ್ಲಿ ಆಗುತ್ತದೆ. ‘ಗಾಡಿ ಓಡ್ತಿಲ್ಲ’ ಎಂದರೆ ಏನೂ ಆಗುವುದಿಲ್ಲ.

25 ಡಿಗ್ರಿಯಿಂದ 42ಕ್ಕೆ ಏರಿದರೆ ಗಾಳಿ ಸುಮಾರು 5% ತೆಳುವಾಗುತ್ತದೆ, ಎಂಜಿನ್ ಆ ಮಟ್ಟಿಗೆ ಬಡವಾಗುತ್ತದೆ. ಟೈರಿನದೂ ಇದೇ ಕಥೆ: 25 ಡಿಗ್ರಿಯಲ್ಲಿ 15 ಪಿಎಸ್‌ಐ ಇದ್ದ ಗಾಳಿ 60 ಡಿಗ್ರಿಗೆ ಕಾದಾಗ ಹದಿನೆಂಟೂವರೆ ಆಗುತ್ತದೆ. ಹತ್ತು ಸುತ್ತಿನ ಮೇಲೆ ಹಿಂಭಾಗ ಜಾರತೊಡಗಿತು ಎಂದು ಗಾಬರಿ ಬೇಡ. ಎಲ್ಲ ಕಾರ್ಟಿಗೂ ಆಗುವುದೇ, ಸ್ಟೀರಿಂಗ್ ಮೆದುವಾಗಿ ತಿರುಗಿಸಿ.

ಪ್ರಶ್ನೆ: ಚೀಟಿ ಎತ್ತಿ ಕಾರ್ಟ್ ಕೊಡುತ್ತಾರೆ. ನಮಗೆ ಪ್ರತಿ ಸಲ ನಿಧಾನದ್ದೇ ಬರುತ್ತದೆ. ದೂರು ಕೊಡಬಹುದೇ?
— ಡಿ.ಎಸ್., ಮಸ್ಕಿ

ಉತ್ತರ: ಕೊಡಬಹುದು, ಆದರೆ ಲೆಕ್ಕ ಇಟ್ಟುಕೊಂಡು ಕೊಡಿ. ಟೈಮಿಂಗ್ ಪರದೆಯಲ್ಲಿ ಪ್ರತಿ ತಂಡದ ಲ್ಯಾಪ್ ಹೊತ್ತು ಬರುತ್ತದೆ; ಕಾರ್ಟಿನಲ್ಲಿರುವ, ಸಂಕೇತ ಕಳಿಸುವ ಟ್ರಾನ್ಸ್‌ಪಾಂಡರ್ ನೆಲದೊಳಗಿನ ತಂತಿ ದಾಟಿದಾಗ ದಾಖಲಾಗುವ ಹೊತ್ತು ಅದು. ತಂಡದ ಒಬ್ಬರು ವಹಿ ಹಿಡಿದು ಕೂತು, ಯಾವ ನಂಬರಿನ ಕಾರ್ಟು ಯಾರ ಕೈಯಲ್ಲಿ ಎಷ್ಟು ಸೆಕೆಂಡ್ ಓಡಿತು ಎಂದು ಬರೆಯಲಿ. ಅತಿ ವೇಗದ ಒಂದು ಸುತ್ತು ನೋಡಬೇಡಿ, ಅಡ್ಡಿಯಿಲ್ಲದ ಐದಾರು ಸುತ್ತಿನ ಸರಾಸರಿ ನೋಡಿ. ಮೂರು ತಂಡದ ಕೈಯಲ್ಲೂ 7ನೇ ನಂಬರು ಅರ್ಧ ಸೆಕೆಂಡ್ ಹಿಂದಿದ್ದರೆ ಅದು ಕಾರ್ಟಿನ ದೋಷ. ನಿಮ್ಮ ಕೈಯಲ್ಲಿ ಮಾತ್ರ ಹಿಂದಿದ್ದರೆ ಕಾರ್ಟಿನದಲ್ಲ. ಈ ವಹಿ ಇದ್ದವರಿಗೆ ಇನ್ನೊಂದು ಲಾಭ: ಪಿಟ್‌ನಲ್ಲಿ ಸಾಲಾಗಿ ನಿಂತ ಕಾರ್ಟುಗಳಲ್ಲಿ ಮುಂದಿನದೇ ಸಿಗುವ ನಿಯಮ ಇದ್ದರೆ, ಒಳ್ಳೆಯ ಕಾರ್ಟು ಸಾಲಿನ ಮುಂದೆ ಬಂದ ಹೊತ್ತಿಗೆ ಚಾಲಕರನ್ನು ಒಳಗೆ ಕರೆಯಬಹುದು. ಬಲಿತ ತಂಡಗಳು ಎಲ್ಲ ಕಡೆ ಮಾಡುವ ಕೆಲಸ ಇದು, ತಪ್ಪೇನಿಲ್ಲ.

ಸುತ್ತಿಗೆ 0.3 ಸೆಕೆಂಡ್ ಹಿಂದಿರುವ ಕಾರ್ಟಿಗೆ ಬದಲಿ ಕೇಳಲು ಹೋಗಬೇಡಿ. 30 ಸುತ್ತಿಗೆ 9 ಸೆಕೆಂಡ್ ನಷ್ಟ ಅಷ್ಟೇ, ಹೆಚ್ಚುವರಿ ಪಿಟ್ ಅದಕ್ಕಿಂತ ದುಬಾರಿ. ಬ್ರೇಕ್, ಸ್ಟೀರಿಂಗ್, ಚೈನ್ ತೊಂದರೆ ಇದ್ದರೆ ಮಾತ್ರ ಲೆಕ್ಕ ನೋಡದೆ ಒಳಗೆ ಬನ್ನಿ.

ಪ್ರಶ್ನೆ: ಹತ್ತು ಹದಿನೈದು ನಿಮಿಷಕ್ಕೇ ಪಕ್ಕೆಲುಬು ನೋಯುತ್ತದೆ, ಬೆರಳು ಮಡಚಲು ಬರುವುದಿಲ್ಲ.
— ಕೆ.ಆರ್., ಗಂಗಾವತಿ

ಉತ್ತರ: ಬಾಡಿಗೆ ಸೀಟು ದಪ್ಪ ಮೈಯವರಿಗೂ ಹಿಡಿಸುವ ಅಳತೆಯದು. ತೆಳ್ಳಗಿರುವವರು ಒಳಗೆ ಓಲಾಡುತ್ತಾರೆ, ಪ್ರತಿ ತಿರುವಿನಲ್ಲೂ ಕೆಳ ಪಕ್ಕೆಲುಬು ಸೀಟಿನ ಅಂಚಿಗೆ ಬಡಿಯುತ್ತದೆ. ಎದೆಯ ಸುತ್ತ ಹಾಕುವ ರಿಬ್ ಪ್ರೊಟೆಕ್ಟರ್ ಕೊಳ್ಳಿ. ಒಂದೇ ಸಾಮಾನಿಗೆ ದುಡ್ಡು ಇದೆ ಎಂದರೆ ಗ್ಲೋವ್ಸ್‌ಗಿಂತ ಮೊದಲು ಇದನ್ನು ಕೊಳ್ಳಿ ಎಂಬುದು ನಮ್ಮ ಸಲಹೆ. ಜೊತೆಗೆ ಮೆತ್ತೆ ಬೇಕು. 10 ಮಿ.ಮೀ. ದಪ್ಪದ ಗಟ್ಟಿ ಫೋಮ್ ಹಾಳೆ ತಂದು, ಸೊಂಟದ ಎರಡೂ ಪಕ್ಕಕ್ಕೆ ಬೆರಳು ತೂರದಷ್ಟು ಪದರ ಅಂಟಿಸಿ, ಮೇಲೆ ಡೆನಿಮ್ ಹೊದಿಕೆ ಹೊಲಿಸಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರ ದಪ್ಪ ಸೂಜಿಯ ಮಷೀನಿಗೆ ಇದು ಸುಲಭದ ಕೆಲಸ. ಮೆದು ಸ್ಪಂಜು ಬೇಡ, ಅದು ಕುಗ್ಗಿ ಮತ್ತೆ ಜಾಗ ಬಿಡುತ್ತದೆ. ಲಾಡಿ, ದಾರ, ತೂಗಾಡುವ ಪಟ್ಟಿ ಯಾವುದೂ ಇರಕೂಡದು.

ಬೆರಳು ನೋಯುವುದು ಸ್ಟೀರಿಂಗನ್ನು ಬಿಗಿಯಾಗಿ ಹಿಂಡುವುದರಿಂದ. ಮೈ ಓಲಾಡುವುದು ನಿಂತರೆ ಅರ್ಧ ನೋವು ತಾನಾಗಿ ಹೋಗುತ್ತದೆ; ಸೀಟು ಹಿಡಿಯದ ಮೈಯನ್ನು ಕೈ ಹಿಡಿಯಬೇಕಾಗುತ್ತದೆ ನೋಡಿ. ಗಡಿಯಾರದ 9 ಮತ್ತು 3ರ ಜಾಗದಲ್ಲಿ ಹಿಡಿಯಿರಿ, ಸ್ಟ್ರೇಟ್ ಬಂದಾಗಲೆಲ್ಲ ಬೆರಳು ಸಡಿಲಿಸಿ ಉಸಿರು ಬಿಡಿ. ಉಸಿರೆಳೆದಾಗ ಚುಚ್ಚಿದಂತೆ ನೋವು ಎರಡು ದಿನ ಕಳೆದರೂ ಇದ್ದರೆ ಎಕ್ಸ್-ರೇ ತೆಗೆಸಿ.

ಪ್ರಶ್ನೆ: ನಮ್ಮ ಅಕ್ಕನಿಗೆ ಉದ್ದ ಕೂದಲು. ಜಡೆ ಹಾಕಿದರೆ ಸಾಕೇ? ಬೈಕ್ ಹೆಲ್ಮೆಟ್ ನಡೆಯುತ್ತದೆಯೇ?
— ಪಿ.ಎಲ್., ಸಿರುಗುಪ್ಪ

ಉತ್ತರ: ಜಡೆ ಸಾಲದು, ಜಡೆಯೇ ಅಪಾಯ. ಬೆನ್ನ ಹಿಂದೆ ಕೆಲವೇ ಇಂಚು ದೂರದಲ್ಲಿ ಆಕ್ಸಲ್ ತಿರುಗುತ್ತಿರುತ್ತದೆ. 2018ರಲ್ಲಿ ಹರಿಯಾಣದ ಪಿಂಜೋರ್‌ನಲ್ಲಿ, 2020ರಲ್ಲಿ ಹೈದರಾಬಾದ್ ಹೊರವಲಯದಲ್ಲಿ, ಕಾರ್ಟಿನ ಗಾಲಿಗೆ ಕೂದಲು ಸಿಕ್ಕಿ ಇಬ್ಬರು ಹೆಣ್ಣುಮಕ್ಕಳು ಜೀವ ಕಳೆದುಕೊಂಡರು. ಕೂದಲನ್ನು ನೆತ್ತಿಯ ಹತ್ತಿರ ಚಪ್ಪಟೆಯಾಗಿ ಸುತ್ತಿ ಪಿನ್ ಹಾಕಿ, ತಲೆ-ಕತ್ತು ಪೂರ್ತಿ ಮುಚ್ಚುವ ಬಟ್ಟೆಯ ಮುಸುಕು ಹಾಕಿ, ಅದರ ಅಂಚನ್ನು ಓವರಾಲ್ ಕಾಲರಿನೊಳಗೆ ಸೇರಿಸಬೇಕು. ದುಪಟ್ಟಾ, ಸೆರಗು, ಹುಡುಗರ ಹೂಡಿಯ ದಾರ, ಕತ್ತಿನ ಟವೆಲ್ ಯಾವುದೂ ಬೇಡ. ಹತ್ತುವ ಮುಂಚೆ ಇನ್ನೊಬ್ಬರು ಹಿಂದಿನಿಂದ ನೋಡಿಯೇ ಬಿಡಬೇಕು. ಗಂಡಸರಿಗೂ ಇದೇ ನಿಯಮ.

ಐಎಸ್‌ಐ ಗುರುತಿನ, ಮುಖ ಪೂರ್ತಿ ಮುಚ್ಚುವ ಬೈಕ್ ಹೆಲ್ಮೆಟನ್ನು ಬಾಡಿಗೆ ರೇಸುಗಳಲ್ಲಿ ಸಾಮಾನ್ಯವಾಗಿ ಒಪ್ಪುತ್ತಾರೆ. ಅರ್ಧ ಹೆಲ್ಮೆಟ್ ಬೇಡ. ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್, ಹೊರಗೆ ಏನೂ ಕಾಣದಿದ್ದರೂ, ಬೇಡ.

ಪ್ರಶ್ನೆ: ಬಾವುಟಗಳು ಗೊಂದಲ. ಚಿಕ್ಕದಾಗಿ ಹೇಳಿ.
— ಎಂ.ಟಿ., ಸಂಡೂರು

ಉತ್ತರ: ಹಳದಿ: ಮುಂದೆ ಅಪಾಯ, ನಿಧಾನಿಸಿ, ಯಾರನ್ನೂ ದಾಟಬೇಡಿ. ಹಸಿರು: ದಾರಿ ತೆರವು. ನೀಲಿ: ಹಿಂದಿನಿಂದ ಸುತ್ತು ಮುಂದಿರುವವರು ಬಂದಿದ್ದಾರೆ, ದಾರಿ ಬಿಡಿ, ನಿಮ್ಮ ಗೆರೆಯಲ್ಲೇ ನೇರ ಇದ್ದು ಸ್ಟ್ರೇಟ್‌ನಲ್ಲಿ ಬಿಡುವುದು ಇಬ್ಬರಿಗೂ ಕ್ಷೇಮ, ತಿರುವಿನ ನಡುವೆ ದಿಢೀರ್ ಸರಿಯಬೇಡಿ. ಕೆಂಪು ಪಟ್ಟಿಯ ಹಳದಿ: ನೆಲ ಜಾರುತ್ತಿದೆ. ಓರೆಯಾಗಿ ಅರ್ಧ ಕಪ್ಪು ಅರ್ಧ ಬಿಳಿ: ವರ್ತನೆಗೆ ಎಚ್ಚರಿಕೆ. ಕಪ್ಪಿನ ನಡುವೆ ಕಿತ್ತಳೆ ದುಂಡು: ನಿಮ್ಮ ಕಾರ್ಟಿನಲ್ಲಿ ದೋಷ, ಪಿಟ್‌ಗೆ ಬನ್ನಿ. ಪೂರ್ತಿ ಕಪ್ಪು: ಪಿಟ್‌ಗೆ ಬಂದು ಅಧಿಕಾರಿಯನ್ನು ಕಾಣಿ. ಕೆಂಪು: ಓಟ ನಿಂತಿದೆ. ಕೆಟ್ಟು ನಿಂತರೆ ಎರಡೂ ಕೈ ಎತ್ತಿ ಸೀಟಿನಲ್ಲೇ ಕೂತಿರಿ. ಇಳಿದು ತಳ್ಳಲು ಹೋಗಬೇಡಿ.

ಪ್ರಶ್ನೆ: ಕುಷ್ಟಗಿಯಲ್ಲಿ ಟ್ರ್ಯಾಕ್ ಇಲ್ಲ. ರೇಸಿಗೆ ಇನ್ನು ಎರಡು ತಿಂಗಳಿದೆ, ಮನೆಯಲ್ಲೇ ಏನು ತಯಾರಿ ಮಾಡಬಹುದು? ಹಿಂದಿನ ದಿನವೇ ಹೋಗಬೇಕೆ?
— ಬಿ.ವಿ., ಕುಷ್ಟಗಿ

ಉತ್ತರ: ಕತ್ತು, ಮುಂಗೈ, ಸೊಂಟ ಈ ಮೂರಕ್ಕೆ ವಾರದಲ್ಲಿ ಮೂರು ದಿನ ಕೆಲಸ ಕೊಡಿ. ಅಂಗೈಯನ್ನು ತಲೆಯ ಪಕ್ಕಕ್ಕೆ ಒತ್ತಿ ಕತ್ತಿನಿಂದ ಎದುರು ಒತ್ತಡ ಕೊಟ್ಟು 10 ಸೆಕೆಂಡ್ ಹಿಡಿಯುವುದು, ನಾಲ್ಕೂ ದಿಕ್ಕಿಗೆ ಐದೈದು ಸಲ. ಒಂದು ಕೋಲಿಗೆ ಹಗ್ಗ ಕಟ್ಟಿ, ತುದಿಗೆ 2 ಕೆ.ಜಿ. ತೂಗುಬಿಟ್ಟು, ಮುಂಗೈ ತಿರುಗಿಸಿ ಸುತ್ತಿ ಎತ್ತಿ ಇಳಿಸುವುದು. ಮೊಣಕೈ ಊರಿ ಮೈ ನೇರ ಹಿಡಿಯುವ ಪ್ಲ್ಯಾಂಕ್ ಒಂದು ನಿಮಿಷದಂತೆ ಮೂರು ಸಲ. ಜೊತೆಗೆ ಅರ್ಧ ತಾಸು ಸೈಕಲ್. ಕೊನೆಯ ಎರಡು ವಾರ ಅದನ್ನು ಸಂಜೆ ನಾಲ್ಕರ ಬಿಸಿಲಿಗೆ ತನ್ನಿ, ಮೈ ಸಾವಕಾಶ ಹೊಂದಿಕೊಳ್ಳುತ್ತದೆ. ರಸ್ತೆಯಲ್ಲಿ ಬೈಕು-ಕಾರಿನಲ್ಲಿ ತಿರುವು ಹಿಡಿಯುವ ಲೈನ್ ಅಭ್ಯಾಸ ಬೇಡವೇ ಬೇಡ. ಪಿಟ್ ಅಭ್ಯಾಸ ಮನೆಯ ಅಂಗಳದಲ್ಲೇ ಆಗುತ್ತದೆ: ನೆಲದ ಮೇಲೆ ಸೀಮೆಸುಣ್ಣದಿಂದ ಕಾರ್ಟ್ ಬರೆದು, ತಗ್ಗಿನ ಮಣೆಯನ್ನು ಸೀಟು ಮಾಡಿ, ತೂಕದ ತುಂಡು ಎತ್ತಿಡುವುದರಿಂದ ಹಿಡಿದು ಹತ್ತಿ ಕೂರುವವರೆಗೆ ಹೆಲ್ಮೆಟ್ ಹಾಕಿಕೊಂಡೇ ಇಪ್ಪತ್ತು ಸಲ ಮಾಡಿ. ಚಾಲಕರಿಗೆ ಮಾತು ಕೇಳಿಸುವುದಿಲ್ಲ, ಹಾಗಾಗಿ ದೊಡ್ಡ ಕಪ್ಪು ಹಲಗೆಯ ಮೇಲೆ ಮೂರೇ ಸೂಚನೆ ಇಟ್ಟುಕೊಳ್ಳಿ: ಉಳಿದ ನಿಮಿಷ, ನಿಮ್ಮ ಸ್ಥಾನ, ‘ಒಳಗೆ’.

ಬೆಂಗಳೂರಿನ ರೇಸಾದರೆ ಕೊಪ್ಪಳದಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ರಾತ್ರಿಯೆಲ್ಲ ಪ್ರಯಾಣ, ಬೆಳಗ್ಗೆ ಬೆಂಗಳೂರು. ಆದರೆ ಅದೇ ಬೆಳಗ್ಗೆ ರೇಸ್ ಇಟ್ಟುಕೊಳ್ಳಬೇಡಿ, ನಿದ್ದೆಗೆಟ್ಟ ಕಣ್ಣಿಗೆ ಬ್ರೇಕ್ ಹಾಕುವ ಗುರುತು ತಡವಾಗಿ ಕಾಣುತ್ತದೆ. ಒಂದು ದಿನ ಮುಂಚೆ ತಲುಪಿ ಸಂಜೆ 10 ನಿಮಿಷದ ಎರಡು ಬಾಡಿಗೆ ಓಟ ಓಡಿಸಿ, ಪಿಟ್ ಒಳಬಾಗಿಲು ನಡೆದು ನೋಡಿ, ನೀರು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿ. ರೇಸ್ ದಿನ ಬ್ರೀಫಿಂಗ್‌ಗೆ ಅರ್ಧ ತಾಸು ಮುಂಚೆ ಎಲ್ಲ ಚಾಲಕರೂ ಅಲ್ಲಿರಬೇಕು. ಬ್ರೀಫಿಂಗ್ ತಪ್ಪಿಸಿಕೊಂಡವರನ್ನು ಓಡಿಸಲು ಬಿಡದ ಟ್ರ್ಯಾಕುಗಳಿವೆ. ಡ್ರೈವಿಂಗ್ ಲೈಸೆನ್ಸ್ ಅಥವಾ ಆಧಾರ್, 18 ತುಂಬದವರಿದ್ದರೆ ತಂದೆ-ತಾಯಿಯ ಸಹಿ ಇರುವ ಒಪ್ಪಿಗೆ ಪತ್ರ, ಎರಡು ಸ್ಟಾಪ್‌ವಾಚ್, ಗಟ್ಟಿ ಅಂಟಿನ ಟೇಪು, ಓಆರ್‌ಎಸ್ ಪೊಟ್ಟಣ, ತಲೆಗೊಂದು ಟವೆಲ್ ಚೀಲದಲ್ಲಿರಲಿ.